ಒಡಪಿಗೂ ಅನುಮತಿ ಬೇಕಾದ ವರ್ಷ

ಕಳೆದ ತಿಂಗಳು ಕನಮಡಿಯಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದೆ. ವಿಜಯಪುರದ ಬಸ್ಸು ತಿಕೋಟಾ ಮುಟ್ಟುವ ಹೊತ್ತಿಗೆ ಕಿಟಕಿಯಿಂದ ಗಂಧಕದ ವಾಸನೆ ಒಳಗೆ ನುಗ್ಗಿತು. ದ್ರಾಕ್ಷಿ ಒಣಗಿಸುವ ಶೆಡ್ಡುಗಳ ವಾಸನೆ ಅದು. ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹಳದಿ ಬಣ್ಣ ಬರಲೆಂದು ಹೊಗೆ ಹಾಕುತ್ತಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಮಣೂಕಿನ ಸೀಜನ್ ಚಾಲೂ ಆತ ನೋಡ್ರಿ" ಎಂದಳು. ಹೌದೆಂದು ತಲೆಯಾಡಿಸಿದೆ. ಅವಳಿಗೆ ಕೆಮ್ಮು ಬಂತು, ನನಗೆ ಹೆದರಿಕೆ ಬಂತು. ಹಿಂದಿನಿಂದ ಯಾವುದಾದರೂ ಬಿಳಿ ಜೀಪು ಬರುತ್ತಿದೆಯೇ ಎಂದು ತಿರುಗಿ ನೋಡಿದೆ. ವರ್ಷಗಳಾದ ಮೇಲೂ ಹೀಗೆ.

ಆ ಶೆಡ್ಡುಗಳ ಮಗ್ಗುಲಲ್ಲೇ ಸರಕಾರಿ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಕೇಂದ್ರವಿತ್ತು. ಅದರ ಹುಡುಗಿಯರ ವಸತಿನಿಲಯಕ್ಕೆ ನಾನು ಮೇಲ್ವಿಚಾರಕಿಯಾಗಿದ್ದೆ. ಗುತ್ತಿಗೆಯ ಕೆಲಸ. ಮಾರ್ಚ್ ಕೊನೆಗೆ ನಿರ್ದೇಶಕರ ಸಹಿ ಬಿದ್ದರೆ ಮುಂದಿನ ವರ್ಷವುಂಟು, ಇಲ್ಲದಿದ್ದರೆ ಇಲ್ಲ. ಮನೆ ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ. ನಮ್ಮ ಮನೆಯವರು ಬಬಲೇಶ್ವರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ವಾರವಿಡೀ ನಾನು ವಸತಿನಿಲಯದಲ್ಲಿ, ಭಾನುವಾರ ಮನೆಯಲ್ಲಿ. ಹುಡುಗಿಯರು ಇಪ್ಪತ್ತಮೂರು ಮಂದಿ. ಯಾರಿಗೆ ಮೊಸರು ಒಗ್ಗುವುದಿಲ್ಲ, ಯಾರು ಪರೀಕ್ಷೆ ಹತ್ತಿರ ಬಂದರೆ ಉಗುರು ಕಚ್ಚುತ್ತಾರೆ, ಯಾರು ಅಮ್ಮನ ಫೋನು ಬಂದ ದಿನ ಊಟ ಬಿಡುತ್ತಾರೆ, ಎಲ್ಲ ನನಗೆ ಬಾಯಿಪಾಠ. ಅವರು ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದರು.

ಆ ವರ್ಷ ಸಂಕ್ರಾಂತಿಗೆ ಮುಂಚೆ ಹೊಸ ನಿಯಮಗಳ ಸುತ್ತೋಲೆ ಬಂತು. ಆರು ಪುಟ. ನೋಟೀಸ್ ಬೋರ್ಡಿಗೆ ನಾಲ್ಕೇ ಹಿಡಿದವು. ಉಳಿದೆರಡನ್ನು ಊಟದ ಕೋಣೆಯ ಗೋಡೆಗೆ ಗಂಜಿ ಸವರಿ ಅಂಟಿಸಿದೆ. ಪೂರ್ವಾನುಮತಿ ಇಲ್ಲದೆ ಆವರಣದಲ್ಲಿ ಸಭೆ, ಧರಣಿ, ಘೋಷಣೆ ಯಾವುದೂ ಇಲ್ಲ. ಅನುಮತಿ ಬೇಕಿದ್ದರೆ ಏಳು ದಿನ ಮೊದಲು ಅರ್ಜಿ ಕೊಡಬೇಕು, ಕೂಗಲಿರುವ ಘೋಷಣೆಗಳನ್ನು ಬರೆದು ಲಗತ್ತಿಸಬೇಕು. ಪ್ರತಿಭಟನೆಗೆ ಜಾಗವನ್ನೂ ಗೊತ್ತುಮಾಡಿದ್ದರು: ಪಂಪ್‌ಹೌಸಿನ ಹಿಂದೆ. ಅಲ್ಲಿ ಮೋಟಾರಿನ ಸದ್ದಿಗೆ ಮಗ್ಗುಲಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ನಿಯಮ ಮೀರಿದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಇದನ್ನೆಲ್ಲ ಓದಿ ಒಪ್ಪಿದ್ದೇನೆಂದು ಪ್ರತಿಯೊಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು.

ಮುಚ್ಚಳಿಕೆಗೆ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಓದದೆ ಹಾಕಿದರು. ಕನಮಡಿಯ ಸುಜಾತಾ ಮಾತ್ರ ಪೆನ್ನು ಹಿಡಿದು ಕೂತಳು. ಇತಿಹಾಸದ ಎಂ.ಎ., ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಅಪ್ಪನದು ಊರಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಜೈನಾಪುರದ ಶಾಲೆಯೊಂದರವರು, ಎಂ.ಎ. ಮುಗಿಸಿ ಜೂನಿಗೆ ಬಾ, ಜಾಗ ಇಟ್ಟಿರುತ್ತೇವೆ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಜೂನ್ ತಪ್ಪಿದರೆ ಆ ಜಾಗ ಇನ್ನೊಬ್ಬರಿಗೆ.

"ಅಕ್ಕಾರ, ಮುಚ್ಚಳಿಕಿ ಅಂದ್ರ ಬಾಯಿಗೆ ಮುಚ್ಚಳ ಹಾಕೂದೇನ್ರಿ?"

"ಸುಮ್ನ ಸಹಿ ಮಾಡ ಬೇ. ಎಲ್ಲಾರೂ ಮಾಡ್ಯಾರ."

"ಮಾಡ್ತೀನ್ರಿ. ಕುಕ್ಕರಿಗೂ ಮುಚ್ಚಳ ಇರ್ತೈತಿ. ಸೀಟಿ ಹೊಡಿಯೂದೇನ್ ಬಿಡೂದಿಲ್ಲ."

ನಕ್ಕೆ. ಆಗ ನಗಲು ಹೆದರಿಕೆ ಇರಲಿಲ್ಲ.

ಹುಡುಗಿಯರಿಗೆ ಬೇಕಾಗಿದ್ದದ್ದು ಎರಡು ತಾಸು. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತಿತ್ತು, ವಸತಿನಿಲಯಕ್ಕೆ ಮಾತ್ರ ಸಂಜೆ ಆರಕ್ಕೇ ಬೀಗ. ಹುಡುಗರು ಎಂಟರವರೆಗೆ ಓದಿ ಹೋಗುತ್ತಿದ್ದರು. ಇವರು ಐದೂಮುಕ್ಕಾಲಿಗೇ ಪುಸ್ತಕ ಮಡಚಿ ಮೈದಾನ ದಾಟಿ ಓಡಿ ಬರಬೇಕು. ಇತಿಹಾಸದ ದಪ್ಪ ಪುಸ್ತಕಗಳನ್ನು ಹೊರಗೆ ಕೊಡುತ್ತಿರಲಿಲ್ಲ. ಬೀಗದ ಸಮಯ ಬದಲಿಸಿ ಎಂದು ಕಚೇರಿಯ ಮುಂದೆ ಒಂದು ತಾಸು ಕೂರಲು ಸುಜಾತಾ ಮತ್ತು ಗೆಳತಿಯರು ಅರ್ಜಿ ಹಾಕಿದರು. ನಿಯಮದಂತೆ ಮೂರು ಘೋಷಣೆಗಳನ್ನು ಬರೆದು ಲಗತ್ತಿಸಿದರು. ಎಂಟನೆಯ ದಿನ ಅರ್ಜಿ ಹಿಂದೆ ಬಂತು. ಕೆಂಪು ಶಾಯಿಯಲ್ಲಿ ಷರಾ: 'ಬೇಕೇ ಬೇಕು' ಎಂಬ ಪದಪ್ರಯೋಗವು ಒತ್ತಾಯಪೂರ್ವಕವಾಗಿದ್ದು, ಬದಲಿಸಿ ಮರುಸಲ್ಲಿಸುವುದು.

ಸುಜಾತಾ ಅದನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದಳು. "ಇನ್ ಮ್ಯಾಲ 'ದಯವಿಟ್ಟು ಬೇಕು, ದಯವಿಟ್ಟು ಬೇಕು' ಅಂತ ಕೂಗಬೇಕಂತ. ಅದೂ ಪಂಪಿನ ಹಿಂದ ನಿಂತು."

ರಥಸಪ್ತಮಿ ಹತ್ತಿರ ಬಂದಿತ್ತು. ಸಂಕ್ರಾಂತಿಯಿಂದ ಅಲ್ಲಿಯವರೆಗೆ ನಮ್ಮ ಕಡೆ ಅರಿಶಿನ ಕುಂಕುಮದ ದಿನಗಳು. ವಸತಿನಿಲಯದಲ್ಲಿ ಪ್ರತಿವರ್ಷ ಮಾಡುತ್ತಿದ್ದೆವು. ಹಬ್ಬದ ಕಾರ್ಯಕ್ರಮಕ್ಕೆ ಮೇಲ್ವಿಚಾರಕರ ಒಪ್ಪಿಗೆ ಸಾಕು ಎಂದು ಸುತ್ತೋಲೆಯಲ್ಲೇ ಇತ್ತು. ಒಪ್ಪಿದೆ. ಮೂರು ದಿನ ಮೊದಲು ಅಡುಗೆಮನೆಯಲ್ಲಿ ಕುಸುರೆಳ್ಳು ಮಾಡಲು ಕೂತೆವು. ಅದು ಅವಸರದ ಕೆಲಸವಲ್ಲ. ಸಣ್ಣ ಉರಿಯ ಮೇಲೆ ಎಳ್ಳಿಟ್ಟು, ಸಕ್ಕರೆ ಪಾಕವನ್ನು ಹನಿ ಹನಿ ಬಿಡುತ್ತ ಬೆರಳ ತುದಿಯಿಂದ ಆಡಿಸುತ್ತಿರಬೇಕು. ತಾಸುಗಟ್ಟಲೆ ಆಡಿಸಿದ ಮೇಲೆ ಒಂದೊಂದು ಎಳ್ಳಿಗೂ ಬಿಳಿ ಮುಳ್ಳು ಏಳುತ್ತದೆ. ಕೈ ಒಂದೇ ಕಡೆ ಇರುವಾಗ ಬಾಯಿ ಸುಮ್ಮನಿರುವುದಿಲ್ಲ. ಮಾತು ಒಡಪಿಗೆ ಬಂತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಅರಿಶಿನ ಕುಂಕುಮದಲ್ಲಿ 'ಹೆಸರ ಹೇಳು' ಎಂದು ಎಲ್ಲರೂ ಗಂಟುಬಿದ್ದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳುತ್ತಾರೆ. ಅದೇ ಒಡಪು. ನಾನು ಸಣ್ಣವಳಿದ್ದಾಗಿನಿಂದ ಒಡಪು ಕಟ್ಟುವವಳು. ಓಣಿಯ ಹೊಸ ಸೊಸೆಯರು ನನ್ನ ಹತ್ತಿರ ಬಂದು ಬರೆಸಿಕೊಂಡು ಹೋಗುತ್ತಿದ್ದರು.

"ನನಗೊಂದು ಕಟ್ಟಿಕೊಡ್ರಿ ಅಕ್ಕಾರ," ಎಂದಳು ಸುಜಾತಾ. "ಬೀಗದ ಮ್ಯಾಲ ಕಟ್ರಿ."

"ಯಾರ ಹೆಸರ ಹಾಕ್ಲಿ? ನಿನಗಿನ್ನೂ ಗಂಡ ಗೊತ್ತಾಗಿಲ್ಲ."

"ಬೀಗ ಹಾಕಿಸಿದವ್ರದ ಹಾಕ್ರಿ."

ಹುಡುಗಿಯರು ಹೋ ಎಂದು ನಕ್ಕರು. ನನಗೂ ಹುಮ್ಮಸ್ಸು ಬಂತು. ಪಾಕದ ಚಮಚ ಕೆಳಗಿಟ್ಟು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದುಕೊಟ್ಟೆ. ನಮ್ಮ ನಿರ್ದೇಶಕರ ಹೆಸರು ವಿರೂಪಾಕ್ಷ.

ಆರು ಹೊಡೀತು, ಬೀಗ ಬಿತ್ತು, ಪುಸ್ತಕ ಉಳೀತು ಕಪಾಟಿನಾಗ,
ವಿರೂಪಾಕ್ಷರ ಹೆಸರ ಹೇಳತೀನಿ, ನಿಂತು ಬಾಗಿಲ ಸಂದಿನಾಗ.

ಚೆನ್ನಾಗಿದೆ ಅನ್ನಿಸಿತು. ಪ್ರಾಸ ಕೂತಿತ್ತಲ್ಲ, ಉಳಿದದ್ದು ಹೊಳೆಯಲಿಲ್ಲ. ಅಷ್ಟು ಜನ ಹೆಂಗಸರಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ರಥಸಪ್ತಮಿಯ ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿದ್ದೆವು. ನಿರ್ದೇಶಕರ ಹೆಂಡತಿ ಮುಖ್ಯ ಅತಿಥಿ, ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದರು. ಕುಂಕುಮ ಹಚ್ಚಿ ಕುಸುರೆಳ್ಳು ಕೊಟ್ಟಾದ ಮೇಲೆ ಒಡಪು ಶುರುವಾದವು. ಒಬ್ಬಳು ಬಾರದ ಬಸ್ಸಿನ ಮೇಲೆ, ಇನ್ನೊಬ್ಬಳು ನನ್ನ ಸಾರಿನ ಮೇಲೆ ಹೇಳಿದಳು. ಸುಜಾತಾ ಎದ್ದು ನಿಂತು ಸೆರಗಿನ ಹಾಗೆ ದುಪಟ್ಟಾ ಹೊದ್ದು ಹೇಳಿದಳು. ಅಂಗಳವೇ ಹಾರಿಹೋಗುವಷ್ಟು ನಗು. ನಿರ್ದೇಶಕರ ಹೆಂಡತಿಯೂ ಮೊದಲು ನಕ್ಕರು. ಆಮೇಲೆ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ತಟ್ಟೆ ಪಕ್ಕಕ್ಕಿಟ್ಟು ಎದ್ದರು.

"ನಾ ಬರ್ತೀನ್ರಿ. ಒಲಿ ಮ್ಯಾಲ ಹಾಲಿಟ್ಟು ಬಂದೀನಿ."

ಅವರ ಬೆನ್ನು ನೋಡುತ್ತ ನಿಂತಾಗ ನನಗೆ ತಿಳಿಯಿತು. ಒಡಪಿನಲ್ಲಿ ಹೆಸರು ಹೇಳುವುದು ಗಂಡನದು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಆ ಹೆಂಗಸಿನ ಎದುರೇ ಅವರ ಗಂಡನ ಹೆಸರು ಹೇಳಿದ್ದಳು. ಹೇಳಿಸಿದವಳು ನಾನು.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಆ ಭಾನುವಾರ ಗಾಂಧಿ ಚೌಕದಲ್ಲಿ ಬಳೆ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಮಗ್ಗುಲಿನ ಕಿರಾಣಿಯವನಿಗೆ ಫೋನು ತೋರಿಸುತ್ತಿದ್ದ. "ಆರು ಹೊಡೀತು, ಬೀಗ ಬಿತ್ತು," ಎಂದಿತು ಸುಜಾತಾಳ ದನಿ. ಕಿರಾಣಿಯವನು ಹೊಟ್ಟೆ ಹಿಡಿದು ನಕ್ಕ. "ಲೇ, ಡೈರೆಕ್ಟರ್ ಸಾಹೇಬ್ರಿಗೆ ಇನ್ನೊಂದು ಮದಿವಿ ಆತಲೇ. ನಮಗ ಊಟಕ್ಕ ಕರೀಲಿಲ್ಲ ನೋಡು." ನನ್ನ ಕೈಯಲ್ಲಿ ಅರ್ಧ ಏರಿಸಿದ ಬಳೆ. ಅಂಗಡಿಯವನು ನನ್ನ ಕಡೆ ತಿರುಗಿ, "ಕೈ ಸಡಿಲ ಬಿಡ್ರಿ ಅಕ್ಕಾರ, ಯಾಕಿಷ್ಟು ಬಿಗಿ ಹಿಡದೀರಿ" ಎಂದ. ಬಳೆ ಒಡೆಯಿತು.

ಮನೆಗೆ ಬಂದು ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಎಂಟನೆಯ ತರಗತಿಗೆ ಮಾದರಿ ಚಿತ್ರ ಬರೆಯುತ್ತಿದ್ದರು. ಬದನೆಕಾಯಿಗೆ ನೆರಳು ತುಂಬುತ್ತಿದ್ದ ಪೆನ್ಸಿಲ್ ನಿಂತಿತು.

"ನಿನ್ನ ಕೈಬರಹದ್ದು ಏನರ ಐತೇನು ಆಕಿ ಹತ್ರ?"

"ಒಂದು ಚೀಟಿ ಐತ್ರಿ."

"ಮೊದಲ ಅದನ್ನ ಇಸಗೋ. ನೀ ಏನೂ ಕಟ್ಟಿಲ್ಲ, ಏನೂ ಕೇಳಿಲ್ಲ. ಮಾರ್ಚ್ ಮುಗಿಯೂತನ ಬಾಯಾಗ ನೀರು ಹಾಕ್ಕೊಂಡು ಕೂಡು." ಮತ್ತೆ ಪೆನ್ಸಿಲ್ ಆಡಿಸಿದರು. ಆ ಬದನೆಕಾಯಿ ಪೂರ್ತಿ ಕಪ್ಪಾಗುವವರೆಗೂ ನಿಲ್ಲಿಸಲಿಲ್ಲ.

ಸೋಮವಾರ ಬೆಳಿಗ್ಗೆ ವಸತಿನಿಲಯ ಮುಟ್ಟುವಷ್ಟರಲ್ಲಿ ಸುಜಾತಾಳಿಗೆ ನೋಟೀಸು ಬಂದಿತ್ತು. ಅನುಮತಿ ಇಲ್ಲದೆ ಹಬ್ಬದ ನೆಪದಲ್ಲಿ ಪ್ರತಿಭಟನೆ, ಅಧಿಕಾರಿಯೊಬ್ಬರ ಹೆಸರೆತ್ತಿ ಮಾನಹಾನಿ. ಇದರ ಹಿಂದೆ ಇರುವವರ ಹೆಸರು ತಿಳಿಸಬೇಕು, ವಿಚಾರಣೆ ಮುಗಿಯುವವರೆಗೆ ಹಾಲ್ ಟಿಕೆಟ್ ತಡೆಹಿಡಿಯಲಾಗಿದೆ. 'ಹಿಂದೆ ಇರುವವರು' ಎಂಬ ಮಾತಿನ ಕೆಳಗೆ ಗೆರೆ ಎಳೆದಿದ್ದರು.

ಆ ಹೊತ್ತಿನಲ್ಲಿ ಅವಳಿಗೆ ಹೇಳಬೇಕಾದ ಮಾತು ಎಷ್ಟೋ ಇದ್ದವು. ನಾನು ಕೇಳಿದ್ದು ಒಂದೇ.

"ಸುಜಾತಾ, ಆ ಚೀಟಿ ಎಲ್ಲೈತಿ?"

ಅವಳು ನನ್ನ ಮುಖ ನೋಡಿದಳು. "ಅವತ್ತ ಹರದು ಒಲಿಗೆ ಹಾಕೀನ್ರಿ. ನೀವು ಕಾಳಜಿ ಮಾಡಬ್ಯಾಡ್ರಿ."

ಸಮಾಧಾನವಾಯಿತು. ಆ ಸಮಾಧಾನದ ನಾಚಿಕೆ ಇಂದಿಗೂ ಹೋಗಿಲ್ಲ.

ಆಮೇಲಿನ ದಿನಗಳನ್ನು ಗಂಧಕದ ಹೊಗೆಯಲ್ಲೇ ಕಳೆದೆವು. ಆ ವರ್ಷ ಬೆಳೆ ಭಾರಿ, ಶೆಡ್ಡುಗಳು ಹಗಲೆಲ್ಲ ಹೊಗೆಯಾಡುತ್ತಿದ್ದವು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಗಂಟಲು ಉರಿ. ನಿರ್ದೇಶಕರ ಬಿಳಿ ಜೀಪಿನ ಸದ್ದು ಗೇಟಿನಲ್ಲಿ ಕೇಳಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಉಗ್ರಾಣಕ್ಕೆ ಹೋಗಿ ಅಕ್ಕಿ ಚೀಲ ಎಣಿಸುವವರ ಹಾಗೆ ನಿಲ್ಲುತ್ತಿದ್ದೆ. ಹುಡುಗಿಯರು ಮಾತು ನಿಲ್ಲಿಸಿದ್ದರು. ಇಪ್ಪತ್ತಮೂರು ಮಂದಿ ಊಟಕ್ಕೆ ಕೂತರೆ ತಟ್ಟೆಯ ಸದ್ದು ಬಿಟ್ಟರೆ ಬೇರೆ ಇಲ್ಲ. ಊಟದ ಕೋಣೆಯಲ್ಲಿ ಐದು ಜನಕ್ಕಿಂತ ಹೆಚ್ಚು ಸೇರಿದರೆ ಅದೂ ಸಭೆಯೇ ಎಂದು ಒಬ್ಬಳು ಪಿಸುಗುಟ್ಟಿ ಕೇಳಿದಳು. ಗೋಡೆಗೆ ಅಂಟಿಸಿದ ಪುಟ ಓದಿದೆ. ಅಲ್ಲಿ ಊಟದ ಬಗ್ಗೆ ಏನೂ ಇರಲಿಲ್ಲ. ಇಲ್ಲದಿರುವುದಕ್ಕೂ ಹೆದರಿದೆವು.

ವಿಚಾರಣಾ ಸಮಿತಿಗೆ ಸುಮಿತ್ರಾಬಾಯಿ ಎಂಬವರು ಅಧ್ಯಕ್ಷರು. ವಿಜಯಪುರದ ನಿವೃತ್ತ ಪ್ರಿನ್ಸಿಪಾಲರು, ಬಿಳಿ ಕೂದಲು, ಚಿಕ್ಕ ದನಿ, ಕೈಯಲ್ಲಿ ಸದಾ ಆ ಆರು ಪುಟಗಳು. ಅವರ ಪಕ್ಕದಲ್ಲಿ ಇಬ್ಬರು ಅಧ್ಯಾಪಕರು, ಗೋಡೆಗೆ ಒರಗಿ ನಿರ್ದೇಶಕರು. ನನ್ನನ್ನು ಸಾಕ್ಷಿಯೆಂದು ಕರೆದರು. ಸುಜಾತಾ ಮೂಲೆಯಲ್ಲಿ ನಿಂತಿದ್ದಳು.

ಮೊದಲು ಚರ್ಚೆ ಒಡಪು ಘೋಷಣೆಯೋ ಅಲ್ಲವೋ ಎಂಬುದರ ಮೇಲೆ ನಡೆಯಿತು. ಸುತ್ತೋಲೆಯ ಪ್ರಕಾರ ಇಬ್ಬರಿಗಿಂತ ಹೆಚ್ಚು ಜನ ಒಟ್ಟಾಗಿ ಅಥವಾ ಒಬ್ಬರ ನಂತರ ಒಬ್ಬರು ಗಟ್ಟಿಯಾಗಿ ಹೇಳುವ ಬೇಡಿಕೆಯ ಮಾತು ಘೋಷಣೆ.

"ಹಂಗಿದ್ರ ನಮ್ಮ ಮನಿ ಸೀಮಂತದಾಗೂ ಘೋಷಣಾನ ಕೂಗ್ಯಾರ," ಎಂದರು ಒಬ್ಬ ಅಧ್ಯಾಪಕರು. ನಿರ್ದೇಶಕರು ನಗಲಿಲ್ಲ.

"ನನ್ನ ಹೆಂಡತಿ ಮೂರು ದಿನ ತವರಮನಿಗೆ ಹೋಗಿದ್ಲು," ಎಂದರು. "ಮಂದಿ ಏನೇನು ಅಂದಾರ ನಿಮಗ ಗೊತ್ತೇನು? ಈ ಹುಡುಗಿ ತಾನಾಗಿ ಇದನ್ನ ಕಟ್ಟಿಲ್ಲ. ಯಾರೋ ಕಲಿಸ್ಯಾರ. ಅವರ ಹೆಸರು ಬೇಕು ನನಗ." ಕಣ್ಣು ಕೆಂಪಾಗಿತ್ತು. ಅವರ ಬಗ್ಗೆ ಮರುಕವೂ ಆಯಿತು, ಅದರಿಂದ ಭಯ ಮತ್ತಷ್ಟು ಹೆಚ್ಚಿತು.

ಸುಮಿತ್ರಾಬಾಯಿ ನನ್ನ ಕಡೆ ತಿರುಗಿದರು. "ಮೇಲ್ವಿಚಾರಕಿ ಅವರ, ಒಡಪು ಯಾರು ಕಟ್ಟಿದ್ದು ನಿಮಗ ಗೊತ್ತೈತೇನು?"

"ಗೊತ್ತಿಲ್ರಿ."

ಅವರು ಬರೆದುಕೊಂಡರು. ಸುಜಾತಾ ತಲೆ ಎತ್ತಲಿಲ್ಲ. ಅವಳನ್ನು ಕೇಳಿದಾಗ, "ಒಡಪು ಯಾರೂ ಬರೆಯೂದಿಲ್ರಿ, ಬಾಯಿಂದ ಬಾಯಿಗೆ ಬರ್ತಾವ" ಎಂದಷ್ಟೇ ಹೇಳಿದಳು. ಹೊರಗೆ ಬಂದಾಗ ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಮುಂದೆ ಬಂದು, "ಅಕ್ಕಾರ, ಗ್ವಾಡಿ ಸುಣ್ಣ ಸೀರಿಗೆ ಹತ್ತೇತಿ ನೋಡ್ರಿ" ಎಂದು ನನ್ನ ಬೆನ್ನು ಒರೆಸಿದಳು.

ಮಾರ್ಚ್ ಮಧ್ಯದಲ್ಲಿ ಹಾಲ್ ಟಿಕೆಟುಗಳು ಬಂದವು. ಹಂಚಿದವಳು ನಾನು. ಇಪ್ಪತ್ತೆರಡು. ಸುಜಾತಾ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು, ಒಂದು ಬುಟ್ಟಿ ಸುಲಿದಿದ್ದಳು, ಯಾರೂ ಹೇಳಿರಲಿಲ್ಲ. ಮರುದಿನ ಅವಳ ಅಪ್ಪ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಉಗುರಿನಲ್ಲಿ ಗ್ರೀಸು, ಕೈಯಲ್ಲಿ ಮಗಳಿಗೆ ತಂದ ಚುರುಮುರಿಯ ಪೊಟ್ಟಣ.

"ಅಕ್ಕಾರ, ನಿಮಗ ಒಂದ ಮಾತು ಕೇಳ್ತೀನ್ರಿ. ನನ್ನ ಮಗಳು ಬಾಯಿ ಜೋರು, ಖರೆ. ಆದ್ರ ಆಕಿಗೆ ಪ್ರಾಸ ಕಟ್ಟಾಕ ಬರೂದಿಲ್ರಿ. ಸಾಲ್ಯಾಗ ಪದ್ಯ ಬರಿ ಅಂದ್ರ ಲೆಕ್ಕ ಬರೀತಿದ್ಲು. ಯಾರೋ ಬರೆದು ಕೊಟ್ಟಾರ. ಆಕಿ ಹೇಳವಲ್ಲಳು. ನಿಮ್ಮ ಕೈಯಾಗ ಇರೂ ಹುಡುಗಿ, ನಿಮಗ ಗೊತ್ತಿರ್ತೈತಿ. ಯಾರಂತ ಹೇಳ್ರಿ ಸಾಕು. ನಾ ಅವರ ಕಾಲು ಹಿಡೀತೀನಿ, ಬಂದು ಒಂದ ಮಾತು ಹೇಳ್ರಿ ಅಂತೀನಿ."

"ನೀರು ಕುಡೀರಿ," ಎಂದೆ.

ಕುಡಿದರು. ಲೋಟ ಕೆಳಗಿಡುವಾಗ ಗ್ರೀಸಿನ ಗುರುತು ಹತ್ತಿದ್ದು ನೋಡಿ ತಾವೇ ತೊಳೆಯಲು ಎದ್ದರು. ಬೇಡವೆಂದರೂ ಕೇಳಲಿಲ್ಲ. ನಲ್ಲಿಯ ಹತ್ತಿರ ಬಗ್ಗಿ ಲೋಟ ಉಜ್ಜುತ್ತಿದ್ದ ಆ ಮನುಷ್ಯ ನನ್ನ ಕಾಲನ್ನೇ ಹುಡುಕುತ್ತಿದ್ದ.

ನಮ್ಮ ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ತಡೆಯುತ್ತಿದ್ದರು, ನಾನೂ ತಡೆಯಲಿ ಎಂದೇ ಹೇಳಿರುತ್ತಿದ್ದೆ. ಗುರುವಾರ ಸಮಿತಿ ಮತ್ತೆ ಕೂಡಿದಾಗ ಒಂದು ಹಾಳೆಯಲ್ಲಿ 'ಆ ಒಡಪು ನಾನು ಕಟ್ಟಿದ್ದು' ಎಂದು ಬರೆದು, ಗಿರಿಜಾ ಎಂದು ಸಹಿ ಮಾಡಿ ಹೋದೆ. ಮೆಟ್ಟಿಲು ಹನ್ನೊಂದು. ಏಳನೆಯದರಲ್ಲಿ ಹಿಂದೆ ತಿರುಗಿದೆ, ಮತ್ತೆ ಹತ್ತಿದೆ.

ಸುಮಿತ್ರಾಬಾಯಿ ಹಾಳೆ ಓದಿ ನಿರ್ದೇಶಕರಿಗೆ ಕೊಟ್ಟರು. ಅವರು ಓದಿ ಮೇಜಿನ ಮೇಲೆ ಎಸೆದರು. "ಸುಳ್ಳು. ಹುಡುಗಿ ಉಳಸಾಕ ಬಂದಾರ ಇವರು. ಹೋದ ಸರ್ತಿ ಗೊತ್ತಿಲ್ಲಂದ್ರಲ್ಲ."

"ಹೆದರಿದ್ನಿರಿ ಸರ್."

"ಪುರಾವಾ ಏನೈತಿ?"

ಪುರಾವೆ ಒಲೆಯಲ್ಲಿ ಸುಟ್ಟಿತ್ತು. ನಾನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

"ಒಡಪು ಕಟ್ಟಾಕ ಬರ್ತೈತಿ ಅಂತೀರಿ," ಎಂದರು ಸುಮಿತ್ರಾಬಾಯಿ. "ಇಲ್ಲೇ ಒಂದು ಕಟ್ರಿ ನೋಡೋಣ. ನಿಮ್ಮ ಮನಿಯವರ ಹೆಸರಿಟ್ಟು."

ನಾನು ಎಷ್ಟೋ ಮದುವೆಗಳಲ್ಲಿ ನಿಂತ ನಿಲುವಿನಲ್ಲೇ ಕಟ್ಟಿದವಳು. ನಿರ್ದೇಶಕರು ನನ್ನ ತುಟಿ ನೋಡುತ್ತಿದ್ದರು.

"ಗೋಳಗುಮ್ಮಟದಾಗ ಕೂಗಿದ್ರ ಏಳು ಸರ್ತಿ ಬರ್ತೈತಿ ದನಿ..." ಎಂದು ತೆಗೆದೆ. "ಬಸವರಾಜರ ಹೆಸರ ಹೇಳತೀನಿ..." ಅಲ್ಲಿಗೆ ನಿಂತಿತು. ಮುಂದೆ ಏನೂ ಇಲ್ಲ, ಕತ್ತಲೆ. ಎಲ್ಲರೂ ಕಾಯುತ್ತಿದ್ದರು. "...ನಾ ಅವರ ಹೆಂಡತಿ ಅದೀನ್ರಿ," ಎಂದುಬಿಟ್ಟೆ.

ಒಬ್ಬ ಅಧ್ಯಾಪಕರು ಕೆಮ್ಮಿದರು. ನಿರ್ದೇಶಕರು, "ನೋಡಿದ್ರ್ಯಾ? ಪ್ರಾಸಾನ ಇಲ್ಲ" ಎಂದರು. ಆ ಹೊತ್ತಿಗೆ ನನಗೆ ಅಳು ಬಂತು. ಹೆದರಿಕೆಯಿಂದ ಒಮ್ಮೆ ಸುಳ್ಳು ಹೇಳಿದೆ, ನಂಬಿದರು. ಈಗ ನಿಜ ಹೇಳಿದರೆ ಅದೇ ಹೆದರಿಕೆ ನನ್ನನ್ನು ಸುಳ್ಳಿ ಮಾಡಿತ್ತು. ('ದನಿ'ಗೆ ಪ್ರಾಸವಾಗುವ 'ಮನಿ' ಎಂಬ ಪದ ಕೆಳಗಿಳಿಯುವಾಗ ಐದನೆಯ ಮೆಟ್ಟಿಲಲ್ಲಿ ಬಂತು. ಎಷ್ಟು ಸಲೀಸಿನ ಪದ.)

ಮೂಲೆಯಿಂದ ಸುಜಾತಾ ಹೇಳಿದಳು, "ಅಕ್ಕಾರ ಕಟ್ಟಿಲ್ರಿ. ನಾನ ಕಟ್ಟೀನಿ." ಮೊದಲ ಸಲ ಅವಳು ಹಾಗೆ ಹೇಳಿದ್ದು.

ಸುಮಿತ್ರಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಸಾವಕಾಶವಾಗಿ ಹಾಕಿಕೊಂಡರು. ಆರು ಪುಟಗಳಲ್ಲಿ ಐದನೆಯದನ್ನು ತೆಗೆದರು.

"ಈಗ ಕಟ್ಟಿದವ್ರು ಇಬ್ಬರಾದ್ರು," ಎಂದರು. "ಒಬ್ಬಾಕಿ ನಾ ಅಂತಾಳ, ಇನ್ನೊಬ್ಬಾಕಿನೂ ನಾ ಅಂತಾಳ. ಯಾರು ಅಂತ ತೀರ್ಮಾನ ಆಗೂದು ಇವತ್ತು ಶಕ್ಯ ಇಲ್ಲ. ಇಲ್ಲಿ ಬರದಾರ ಕೇಳ್ರಿ: ಮೂವತ್ತು ದಿನದೊಳಗೆ ವಿಚಾರಣೆ ಮುಗಿಯದಿದ್ದಲ್ಲಿ, ತೀರ್ಮಾನಕ್ಕೆ ಒಳಪಟ್ಟು, ವಿದ್ಯಾರ್ಥಿಗೆ ಪರೀಕ್ಷೆಗೆ ಕೂರಲು ತಾತ್ಕಾಲಿಕವಾಗಿ ಅವಕಾಶ ನೀಡತಕ್ಕದ್ದು. ಈ ಸಮಿತಿ ಆಗಿ ನಾಳೆಗೆ ಮೂವತ್ತು ದಿನ ಆಗ್ತಾವ. ನಾಳೆ ನನಗ ಬರಾಕ ಆಗೂದಿಲ್ಲ, ಹಲ್ಲಿನ ಡಾಕ್ಟರ್ ಹತ್ರ ಹೋಗೂದೈತಿ."

"ಮೇಡಂ, ಇದು..." ಎಂದರು ನಿರ್ದೇಶಕರು.

"ನಿಮ್ಮ ನಿಯಮಾನ ಓದಾಕತ್ತೇನಿ ಸರ್. ನಾ ಏನೂ ಸೇರಿಸಿಲ್ಲ."

ಮೂರನೆಯ ದಿನ ಸುಜಾತಾಳ ಹಾಲ್ ಟಿಕೆಟ್ ಬಂತು, ಮೇಲೆ 'ತಾತ್ಕಾಲಿಕ' ಎಂದು ಕೆಂಪು ಮುದ್ರೆ. ಯಾವ ಹೊತ್ತಿಗೂ ರದ್ದಾಗಬಹುದಾದದ್ದು. ಅದರ ಜೊತೆಗೇ ನನಗೊಂದು ಲಕೋಟೆ: ಮಾರ್ಚ್ ಕೊನೆಗೆ ನಿಮ್ಮ ಅವಧಿ ಮುಗಿಯುತ್ತದೆ, ಮುಂದುವರಿಸಲಾಗುವುದಿಲ್ಲ. ನಮ್ಮ ಮನೆಯವರು ಅದನ್ನು ಎರಡು ಸಲ ಓದಿದರು. ಬೈಯಲಿಲ್ಲ. "ನನ್ನ ಹೆಸರು ಸಮಿತಿ ಮುಂದ ಹೇಳಿದ್ಯಂತ," ಎಂದರು, "ಪ್ರಾಸ ಆದ್ರೂ ಸರಿ ಹಚ್ಚಬೇಕಿಲ್ಲ?"

ಸುಜಾತಾ ಆ ಪರೀಕ್ಷೆ ಬರೆದಳು, ಈಗ ಜೈನಾಪುರದಲ್ಲಿ ಏಳನೆಯ ತರಗತಿಗೆ ಇತಿಹಾಸ ಹೇಳುತ್ತಾಳೆ. ಇದೆಲ್ಲ ಈಗ ಗೊತ್ತು. ಮೊದಲ ಪತ್ರಿಕೆಯ ಹಿಂದಿನ ಸಂಜೆ ಗೊತ್ತಿರಲಿಲ್ಲ.

ಆ ಸಂಜೆ ಐದೂವರೆಗೆ ಅವಳು ಗ್ರಂಥಾಲಯದಿಂದ ಓಡಿ ಬಂದಳು. ಇನ್ನೂ ಎರಡು ಅಧ್ಯಾಯ ಉಳಿದಿವೆ, ಪುಸ್ತಕ ಕೊಡುವುದಿಲ್ಲ ಎಂದಳು. ಕೇಳಿಕೊಳ್ಳಲಿಲ್ಲ, ಸುದ್ದಿ ಹೇಳಿದ ಹಾಗೆ ಹೇಳಿ ಒಳಗೆ ಹೋದಳು. ನಾನು ಬೀಗ ಹಿಡಿದು ಬಾಗಿಲಲ್ಲಿ ನಿಂತೆ. ಬೋರ್ಡಿನ ಮೇಲೆ ವಸತಿನಿಲಯದ ನಿಯಮವಿತ್ತು. ದಿನಾ ನೋಡಿದ್ದೆ, ಓದಿರಲಿಲ್ಲ. ಸುಮಿತ್ರಾಬಾಯಿ ಓದಿದ ಹಾಗೆ ಒಂದೊಂದೇ ಶಬ್ದ ಓದಿದೆ. 'ಸಂಜೆ ಆರು ಗಂಟೆಗೆ ಸರಿಯಾಗಿ ವಸತಿನಿಲಯದ ಮುಖ್ಯ ಬಾಗಿಲಿಗೆ ಬೀಗ ಹಾಕತಕ್ಕದ್ದು. ತದನಂತರ ವಿದ್ಯಾರ್ಥಿನಿಯರು ಮೇಲ್ವಿಚಾರಕರ ಕಣ್ಣಳತೆಯಲ್ಲಿರತಕ್ಕದ್ದು.' ಅಷ್ಟೇ. ಬಾಗಿಲ ಯಾವ ಬದಿಯಲ್ಲಿ ಎಂದು ಬರೆದಿರಲಿಲ್ಲ.

ನನ್ನ ಕೆಲಸ ಹೇಗೂ ಹೋಗಿತ್ತು. ಅವಳ ಕೆಂಪು ಮುದ್ರೆಯ ಟಿಕೆಟ್ ಇನ್ನೂ ಹೋಗಿರಲಿಲ್ಲ, ಹೋಗಬಹುದಿತ್ತು.

"ಎಲ್ಲಾರೂ ಹೊರಗ ಬರ್ರಿ," ಎಂದೆ. "ಪುಸ್ತಕ, ಪೆನ್ನು ತಗೋರಿ. ಒಬ್ಬಾಕಿನೂ ಒಳಗ ಉಳೀಬಾರದು."

ಇಪ್ಪತ್ತಮೂರು ಮಂದಿ ಅಂಗಳದಲ್ಲಿ ನಿಂತರು. ಗಡಿಯಾರ ನೋಡಿ, ಆರಕ್ಕೆ ಸರಿಯಾಗಿ, ಖಾಲಿ ವಸತಿನಿಲಯಕ್ಕೆ ಬೀಗ ಹಾಕಿದೆ.

"ಎಲ್ಲಿಗ್ರಿ ಅಕ್ಕಾರ?"

"ಲೈಬ್ರರಿಗೆ. ಇಬ್ಬಿಬ್ಬರ ಹೋಗ್ರಿ, ನಡುವ ಅಂತರ ಬಿಡ್ರಿ. ಸಾಲು ಹಿಡೀಬ್ಯಾಡ್ರಿ, ಮೆರವಣಿಗಿ ಆಗ್ತೈತಿ. ಮಾತಾಡಬ್ಯಾಡ್ರಿ, ನಗಬ್ಯಾಡ್ರಿ."

"ಉಸಿರಾಡಬೋದೇನ್ರಿ?" ಎಂದಳು ಸುಜಾತಾ.

"ಸಣ್ಣಗ ಆಡ್ರಿ," ಎಂದೆ. ತಮಾಷೆಗೆ ಹೇಳಿದ್ದಲ್ಲ.

ಗ್ರಂಥಾಲಯದ ಹುಡುಗರು ತಲೆಯೆತ್ತಿ ನೋಡಿದರು, ಆಮೇಲೆ ಬೆಂಚಿನ ಮೇಲೆ ಒತ್ತಿ ಕೂತು ಜಾಗ ಮಾಡಿದರು. ನಾನು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ತಲೆ ಎಣಿಸಿದೆ. ಇಪ್ಪತ್ತಮೂರು. ಮತ್ತೆ ಎಣಿಸಿದೆ. ಏಳು ಗಂಟೆಯ ಸುಮಾರಿಗೆ ಜೀಪಿನ ಸದ್ದು ಕೇಳಿತು. ಗೇಟು ದಾಟಿತು, ಕಚೇರಿ ದಾಟಿತು, ಇಲ್ಲಿಯೇ ನಿಂತಿತು. ಎದ್ದು ನಿಂತೆ, ಮೊಣಕಾಲು ಸ್ಟೂಲಿಗೆ ಬಡಿಯಿತು. ನಿರ್ದೇಶಕರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಒಬ್ಬ ಹುಡುಗಿಯೂ ತಲೆಯೆತ್ತಲಿಲ್ಲ. ಸುಜಾತಾಳ ಬೆರಳು ಸಾಲಿನ ಮೇಲೆ ನಿಂತಿದ್ದು ಕಂಡಿತು. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ಹಾಸ್ಟೆಲಿಗೆ ಬೀಗ ಹಾಕೀರೇನು?"

"ಹಾಕೀನ್ರಿ ಸರ್," ಎಂದೆ. "ಆರಕ್ಕ ಸರಿಯಾಗಿ ಹಾಕೀನಿ."

ಅವರು ಇನ್ನೂ ನಿಂತೇ ಇದ್ದರು. ನನ್ನ ಹಿಂದೆ ಯಾರೋ ಪುಟ ತಿರುವಿದರು.